ಬ್ಯಾಟರಿ ನುಂಗುವ ಬ್ರೌಸರ್ ಯಾವುದು, ಅಳೆದವರು ಯಾರು?

2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಒಂದು ಪರೀಕ್ಷೆಯ ವಿಡಿಯೊ ಹೊರತಂದಿತು. ನಾಲ್ಕು ಸರ್ಫೇಸ್ ಬುಕ್ ಲ್ಯಾಪ್‌ಟಾಪ್, ನಾಲ್ಕರಲ್ಲೂ ಒಂದೇ ವಿಡಿಯೊ, ಬೇರೆಬೇರೆ ಬ್ರೌಸರ್. ಕ್ರೋಮ್ 4 ಗಂಟೆ 19 ನಿಮಿಷಕ್ಕೆ ಮಲಗಿತು. ಫೈರ್‌ಫಾಕ್ಸ್ 5 ಗಂಟೆ 9 ನಿಮಿಷ, ಒಪೆರಾ 6 ಗಂಟೆ 18 ನಿಮಿಷ ಬಂತು. ಗೆದ್ದದ್ದು ಮೈಕ್ರೋಸಾಫ್ಟ್‌ನದೇ ಎಡ್ಜ್: 7 ಗಂಟೆ 22 ನಿಮಿಷ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ತಳ್ಳಿಹಾಕೋಣವೆಂದರೆ ಮೂರು ಗಂಟೆಯ ಅಂತರ ಸಣ್ಣದಲ್ಲ. ಕೆಲವೇ ದಿನಗಳಲ್ಲಿ ಒಪೆರಾ ತನ್ನದೇ ಪರೀಕ್ಷೆ ನಡೆಸಿ, ಎಡ್ಜ್‌ಗಿಂತ ಶೇ. 22ರಷ್ಟು ಹೆಚ್ಚು ಹೊತ್ತು ಬಾಳುತ್ತೇನೆ ಎಂದಿತು. ಜಾಹೀರಾತು ತಡೆಯುವ ಸೌಲಭ್ಯವನ್ನೂ ವಿದ್ಯುತ್ ಉಳಿಸುವ ಮೋಡ್ ಅನ್ನೂ ಆನ್ ಮಾಡಿಕೊಂಡು! ಸೆಪ್ಟೆಂಬರ್‌ನಲ್ಲಿ ಗೂಗಲ್ ಸರದಿ. ಅದೇ ಸರ್ಫೇಸ್ ಬುಕ್‌ನಲ್ಲಿ ಕ್ರೋಮ್ 53ನೇ ಆವೃತ್ತಿ 10 ಗಂಟೆ 39 ನಿಮಿಷ ವಿಡಿಯೊ ಓಡಿಸಿತು. ಒಬ್ಬರ ಕೈಯಲ್ಲಿ ನಾಲ್ಕೂಕಾಲು ಗಂಟೆ, ಇನ್ನೊಬ್ಬರ ಕೈಯಲ್ಲಿ ಹತ್ತೂವರೆ ದಾಟಿತು. ಆವೃತ್ತಿ, ವಿಡಿಯೊ, ಸೆಟ್ಟಿಂಗ್ ಎಲ್ಲ ಬದಲಾದ ಮೇಲೆ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ಹಾಗೆಂದು ಬ್ರೌಸರ್‌ಗಳ ನಡುವೆ ವ್ಯತ್ಯಾಸವೇ ಇಲ್ಲವೆಂದಲ್ಲ. ವಿಂಡೋಸ್‌ನ ಒಳಗಡಿಯಾರ ಸಾಮಾನ್ಯವಾಗಿ 15.6 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಎಂದರೆ ಸೆಕೆಂಡಿಗೆ 64 ಬಾರಿ. ನಡುವೆ ಪ್ರೊಸೆಸರ್ ಸಣ್ಣ ನಿದ್ದೆ ತೆಗೆಯುತ್ತದೆ. ಕ್ರೋಮ್ ವರ್ಷಗಟ್ಟಲೆ ಈ ಮಿಡಿತದ ಅಂತರವನ್ನು 1 ಮಿಲಿಸೆಕೆಂಡಿಗೆ ಇಳಿಸಿ ಕೂತಿತ್ತು. ಸೆಕೆಂಡಿಗೆ ಸಾವಿರ ಸಲ ತಟ್ಟಿ ಎಬ್ಬಿಸಿದರೆ ಚಾರ್ಜ್ ಎಲ್ಲಿ ನಿಂತೀತು? 2014ರಲ್ಲಿ ಸುದ್ದಿಯಾಗಿ ಬೈಸಿಕೊಂಡ ಮೇಲೆ ಗೂಗಲ್ ಸರಿಪಡಿಸಲು ಕೈಹಾಕಿತು. ವಿಡಿಯೊದ ಕಥೆ ಇನ್ನೂ ದೊಡ್ಡದು. ಯೂಟ್ಯೂಬ್ ಕಳಿಸುವ ವಿಪಿ9 ಎಂಬ ಸಂಕುಚಿತ ವಿಡಿಯೊ ಮಾದರಿಯನ್ನು ಬಿಡಿಸುವ ವ್ಯವಸ್ಥೆ ಹಳೆಯ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪಿನಲ್ಲಿ ಇಲ್ಲದಿದ್ದರೆ ಆ ಹೊರೆ ಪೂರ್ತಿ ಪ್ರೊಸೆಸರ್ ಮೇಲೆ ಬೀಳುತ್ತದೆ, ಫ್ಯಾನ್ ಗುರ್ರೆನ್ನುತ್ತದೆ. ಬೈಗುಳ ತಿನ್ನುವುದು ಮಾತ್ರ ಬ್ರೌಸರ್.

2020ರ ಜನವರಿಯಲ್ಲಿ ಎಡ್ಜ್ ತನ್ನ ಎಂಜಿನ್ ಬಿಟ್ಟು ಕ್ರೋಮ್‌ನ ತಳಹದಿಯಾದ ಕ್ರೋಮಿಯಂಗೆ ಬಂತು. ಒಪೆರಾ ಅಲ್ಲಿಗೆ ಮೊದಲೇ ಬಂದಿತ್ತು. ಈಗ ಇವು ಮೂರೂ ಒಳಗೆ ಒಂದೇ ಬಳಗ. ಉಳಿದದ್ದು ಬಳಸದ ಟ್ಯಾಬನ್ನು ನಿದ್ದೆಗೆ ಕಳಿಸುವಂಥ ಮೇಲುಸೌಲಭ್ಯಗಳ ಪೈಪೋಟಿ. ಮ್ಯಾಕ್‌ನ ಸಫಾರಿಯನ್ನು ಬೇರೆಯಾಗಿಯೇ ನೋಡಬೇಕು: ಚಿಪ್ಪು, ಆಪರೇಟಿಂಗ್ ಸಿಸ್ಟಂ, ಬ್ರೌಸರ್ ಮೂರನ್ನೂ ಆಪಲ್ಲೇ ಮಾಡುವುದರಿಂದ ಬ್ಯಾಟರಿ ಉಳಿತಾಯದಲ್ಲಿ ಅದಕ್ಕೆ ಅನುಕೂಲ ಸಹಜ.

ನನ್ನ ತೀರ್ಪು ಇಷ್ಟು: ಕಂಪನಿಯೇ ಮಾಡಿದ ಬ್ಯಾಟರಿ ಪರೀಕ್ಷೆಯನ್ನು ಜಾಹೀರಾತೆಂದೇ ಓದಿ. ಬ್ರೌಸರ್ ಬದಲಿಸುವ ಮುನ್ನ ವಿಂಡೋಸ್‌ನ ಕ್ರೋಮ್‌ನಲ್ಲೋ ಎಡ್ಜ್‌ನಲ್ಲೋ ಶಿಫ್ಟ್ ಮತ್ತು ಎಸ್ಕೇಪ್ ಕೀ ಒಟ್ಟಿಗೆ ಒತ್ತಿ. ಯಾವ ಟ್ಯಾಬ್ ಪ್ರೊಸೆಸರನ್ನು ಎಷ್ಟು ದುಡಿಸುತ್ತಿದೆ ಎಂಬ ಪಟ್ಟಿ ತೆರೆದುಕೊಳ್ಳುತ್ತದೆ. ಹೆಚ್ಚು ದುಡಿಸುತ್ತಿರುವ ಟ್ಯಾಬನ್ನು ಮೊದಲು ಮುಚ್ಚಿ.