ಜೋಗುಲಾಂಬೆಯ ಮುಡಿ, ಗೋರಕ್ಷನ ಮೈ

ಕೃಷ್ಣೆ ತುಂಗಭದ್ರೆಯರ ನಡುವಣ ಗದ್ವಾಲ ಸೀಮೆಗೆ ತೆಲುಗಿನಲ್ಲಿ ‘ನಡಿಗಡ್ಡ’ ಎಂಬ ಹೆಸರುಂಟು. ಅಲ್ಲಿ ತುಂಗಭದ್ರೆಯ ಎಡದಂಡೆಯ ಮೇಲಿರುವ ಆಲಂಪುರವನ್ನು ನಾರಾಯಣಪೇಟೆ, ಮಖ್ತಲ, ಗದ್ವಾಲಗಳ ವಾಚಕರಿಗೆ ಪರಿಚಯಿಸಬೇಕಾದ ಅವಶ್ಯಕತೆಯಿಲ್ಲ. ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ಗುಡಿಗಳು ಅಲ್ಲಿವೆ; ಹದಿನೆಂಟು ಶಕ್ತಿಪೀಠಗಳಲ್ಲಿ ಒಂದೆಂದು ಎಣಿಸಲ್ಪಟ್ಟ ಜೋಗುಲಾಂಬೆಯ ಪೀಠವೂ ಅಲ್ಲಿಯೇ ಇದೆ. ಮೂಲ ಗುಡಿ ನಾಶವಾದ ಮೇಲೆ ಶತಮಾನಗಳ ಕಾಲ ಬಾಲಬ್ರಹ್ಮನ ಗುಡಿಯಲ್ಲಿ ನೆಲೆಸಿದ್ದ ದೇವಿ 2005ರಲ್ಲಿ ಹೊಸ ಗುಡಿಯನ್ನು ಸೇರಿದಳು. 2016ರಲ್ಲಿ ಜಿಲ್ಲೆಗೂ ಅವಳ ಹೆಸರು ಬಂದಿತು.

ವಿಜ್ಞಾನದ ಬಲದಿಂದ ಮನುಷ್ಯನು ಸಾವನ್ನೇ ಗೆಲ್ಲುವನೆಂಬ ಮಾತು ಇಂದು ಪಶ್ಚಿಮದ ದೇಶಗಳಿಂದ ಕೇಳಿಬರುತ್ತಿದೆ. ಇದನ್ನು ಕೇಳಿದ ನಮ್ಮವರು ಎರಡು ಬಗೆಯಾಗಿ ಉತ್ತರಿಸುವುದುಂಟು. ‘ಇದು ದೇವಿಯ ಇಚ್ಛೆಗೆ ವಿರೋಧ’ ಎಂಬುದು ಒಂದು. ‘ಇದೆಲ್ಲ ನಮ್ಮ ರಸಸಿದ್ಧರಿಗೆ ಮೊದಲೇ ತಿಳಿದಿತ್ತು’ ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲವೆಂಬುದು ಈ ಲೇಖನದ ಅಭಿಪ್ರಾಯ.

ಎರಡನೆಯ ಮಾತನ್ನು ಮೊದಲು ಪರಿಶೀಲಿಸೋಣ. ಆಲಂಪುರದ ಗುಡಿಗಳನ್ನು ರಸಸಿದ್ಧನೆಂಬವನು ಕಟ್ಟಿಸಿದನೆಂದೂ, ಒಂಬತ್ತು ಬ್ರಹ್ಮರ ಹೆಸರುಗಳು ಒಂಬತ್ತು ಮೂಲಿಕೆಗಳ ಗುಪ್ತನಾಮಗಳೆಂದೂ ಒಂದು ಐತಿಹ್ಯವಿದೆ. ಐತಿಹ್ಯವೇನೋ ಸ್ವಾರಸ್ಯವಾಗಿದೆ, ಚರಿತ್ರೆಯಾಗಿ ಅದು ನಿಲ್ಲದು. ಆದರೆ ಅದರ ಹಿಂದಿರುವ ರಸವಿದ್ಯೆ ಕಟ್ಟುಕಥೆಯಲ್ಲ. ಭೈರವ ಮತ್ತು ದೇವಿಯರ ಸಂವಾದರೂಪದ ‘ರಸಾರ್ಣವ’ ನಮಗೆ ಉಳಿದುಬಂದಿದೆ. 14ನೆಯ ಶತಮಾನದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ದಲ್ಲಿ ರಸೇಶ್ವರ ದರ್ಶನಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಪಾದರಸವು ಶಿವನ ಅಂಶ, ಅಭ್ರಕವು ದೇವಿಯ ಅಂಶ. ಇವೆರಡರ ಕೂಟವು ಮೃತ್ಯುವನ್ನೂ ದಾರಿದ್ರ್ಯವನ್ನೂ ಕಳೆಯುವುದೆಂಬುದು ಅವರ ಮತ. ದೇಹವು ಸ್ಥಿರವಾದ ಹೊರತು ಜೀವನ್ಮುಕ್ತಿಯಿಲ್ಲವೆಂದು ಅವರು ವಾದಿಸಿದರು. ದೇವಿಯ ಉಪಾಸನೆಯೂ ಅಮರತ್ವದ ಪ್ರಯೋಗವೂ ಒಂದೇ ಮೂಸೆಯಲ್ಲಿ ಬೆಂದ ಉದಾಹರಣೆಯಿದು. ಇದರಲ್ಲಿ ಸಾಹಸವಿದೆ, ಲೋಹಗಳ ಪರಿಜ್ಞಾನವಿದೆ. ಆದರೆ ಪಾದರಸ ವಿಷವೆಂಬುದೂ, ಸಾಯದೆ ಉಳಿದ ಸಿದ್ಧನೊಬ್ಬನನ್ನೂ ನಾವು ಕಂಡಿಲ್ಲವೆಂಬುದೂ ನಿರ್ವಿವಾದ. ಆಸೆ ಪಟ್ಟವರನ್ನು ಸಾಧಿಸಿದವರೆಂದು ಹೊಗಳುವುದು ಸಂಶೋಧನೆಯಲ್ಲ.

ನಮ್ಮ ಸಾಹಿತ್ಯ ಈ ಆಸೆಯನ್ನು ಮೊದಲೇ ಒರೆಗೆ ಹಚ್ಚಿದೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಗೋರಕ್ಷನು ಸಿದ್ಧಿಯಿಂದ ವಜ್ರದಂಥ ದೇಹವನ್ನು ಪಡೆದವನು. ಅಲ್ಲಮನು ಖಡ್ಗದಿಂದ ಹೊಡೆದಾಗ ಆ ಮೈ ಖಣಿಲೆಂದಿತೇ ಹೊರತು ಅದಕ್ಕೆ ಗಾಯವಾಗಲಿಲ್ಲ. ಗೋರಕ್ಷನು ಅಲ್ಲಮನನ್ನು ಹೊಡೆದಾಗ ಖಡ್ಗವು ಬಯಲನ್ನು ಬೀಸಿದಂತೆ ಹಾದುಹೋಯಿತು. ಕವಿಯ ತೀರ್ಪು ಇಲ್ಲಿ ಸ್ಪಷ್ಟವಾಗಿದೆ. ದೇಹವನ್ನು ಗಟ್ಟಿ ಮಾಡಿಕೊಂಡವನು ದೇಹಕ್ಕೇ ಇನ್ನಷ್ಟು ಗಟ್ಟಿಯಾಗಿ ಕಟ್ಟಿಬಿದ್ದಿದ್ದಾನೆ. ಪಿಡುಪರ್ತಿ ಸೋಮನಾಥನು ಈ ಕಾವ್ಯವನ್ನು ತೆಲುಗಿಗೆ ತಂದನಾದ್ದರಿಂದ, ನಮ್ಮ ಗಡಿನಾಡಿನ ಎರಡು ಭಾಷೆಗಳಿಗೂ ಈ ವಿವೇಕ ಸಮಾನವಾದ ಆಸ್ತಿಯಾಗಿದೆ.

ಈಗಿನ ಗೋರಕ್ಷರ ಪ್ರಯತ್ನವನ್ನೂ ನೋಡಬೇಕು. ಅಮೆರಿಕದ ರಾಬರ್ಟ್ ಎಟಿಂಗರ್ 1964ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಸತ್ತವರ ದೇಹವನ್ನು ಹೆಪ್ಪುಗಟ್ಟಿಸಿ ಇಟ್ಟರೆ ಮುಂದಿನ ವಿಜ್ಞಾನ ಅವರನ್ನು ಎಬ್ಬಿಸಬಹುದೆಂದು ವಾದಿಸಿದನು. 1967ರ ಜನವರಿ 12ರಂದು ಜೇಮ್ಸ್ ಬೆಡ್‌ಫೋರ್ಡ್ ಎಂಬ ಪ್ರಾಧ್ಯಾಪಕನ ದೇಹವನ್ನು ಹಾಗೆ ಇಡಲಾಯಿತು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದ ಚಳಿಯಲ್ಲಿ ಅದು ಇಂದಿಗೂ ಇದೆ. ಹಾಗೆ ಇಟ್ಟವರಲ್ಲಿ ಒಬ್ಬರೂ ಎದ್ದಿಲ್ಲ. ರೇ ಕರ್ಜ್‌ವೈಲ್ 2005ರ ತನ್ನ ಪುಸ್ತಕದಲ್ಲಿ ಮನುಷ್ಯನ ಬುದ್ಧಿಯು ಯಂತ್ರದೊಡನೆ ಬೆರೆತು ಮರಣದ ಮೇರೆಯನ್ನು ದಾಟುವುದೆಂದು ಭವಿಷ್ಯ ನುಡಿದನು. ಮೂಸೆಯ ಬದಲು ತೊಟ್ಟಿ ಬಂದಿದೆ, ರಸದ ಬದಲು ಯಂತ್ರ ಬಂದಿದೆ. ಬಯಕೆ ಮಾತ್ರ ಹಳೆಯದೇ.

ಹಾಗಾದರೆ ವಿಜ್ಞಾನ ದೇವಿಗೆ ವಿರೋಧವೇ? ಅದೂ ಅಲ್ಲ. ಸಿಡುಬನ್ನು ನಮ್ಮ ಜನ ‘ಅಮ್ಮ’ ಎಂದೇ ಕರೆದರು, ಪೋಚಮ್ಮನಿಗೆ ಹರಕೆ ಹೊತ್ತರು. ಲಸಿಕೆ ಹಾಕಿಸಿದರೆ ಅಮ್ಮ ಮುನಿದಾಳೆಂಬ ಅಂಜಿಕೆಯೂ ಇದ್ದಿತು. ಆದರೂ 1975ರ ಹೊತ್ತಿಗೆ ಭಾರತದಲ್ಲಿ ಸಿಡುಬು ನಿಂತಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಗತ್ತಿನಿಂದಲೇ ಅದು ತೊಲಗಿತೆಂದು ಸಾರಿತು. ರೋಗ ಹೋಯಿತು, ಪೋಚಮ್ಮ ಉಳಿದಳು. ಹೆಂಗಸರು ಇಂದಿಗೂ ಅವಳಿಗೆ ಬೋನ ಒಯ್ಯುತ್ತಾರೆ. ಅವಳು ಕೇವಲ ರೋಗದ ಹೆಸರಾಗಿದ್ದರೆ ರೋಗದೊಡನೆ ಹೋಗುತ್ತಿದ್ದಳಲ್ಲವೆ? ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ದೇಶದವರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. ಈ ಹೆಚ್ಚಳದ ಬಹುಭಾಗ ತೊಟ್ಟಿಲಲ್ಲಿ ಸಾಯುತ್ತಿದ್ದ ಮಕ್ಕಳು ಬದುಕಿದ್ದರಿಂದ ಬಂದುದು. ಇದಕ್ಕಿಂತ ದೊಡ್ಡ ದೇವೀಸೇವೆ ಯಾವುದು?

ಇಲ್ಲಿ ಎದುರುವಾದ ಏಳುತ್ತದೆ: ಲಸಿಕೆಗೆ ಅಂಜಿದವರೂ ‘ಸಾವು ಸಹಜ’ ಎಂದೇ ಹೇಳಿದ್ದರು, ಅಮರತ್ವವನ್ನು ನಿರಾಕರಿಸುವವರದೂ ಅದೇ ಜಾಡಲ್ಲವೆ? ಈ ವಾದದಲ್ಲಿ ಬಲವಿದೆ. ಸಾವು ಸಹಜವೆಂಬ ವೇದಾಂತವನ್ನು ಹೇಳಿ, ಹಾವು ಕಡಿದ ಹುಡುಗನನ್ನು ಆಸ್ಪತ್ರೆಗೆ ಒಯ್ಯದೆ ಗುಡಿಯ ಮುಂದೆ ಮಲಗಿಸುವುದು ಪಾಪವೇ ಸರಿ. ಉತ್ತರವು ದೇವಿಯ ಮೂರ್ತಿಯಲ್ಲಿದೆ. ಜೋಗುಲಾಂಬೆ ಶವದ ಮೇಲೆ ಕುಳಿತಿದ್ದಾಳೆ. ಅವಳ ಕೆದರಿದ ಮುಡಿಯಲ್ಲಿ ಹಲ್ಲಿ, ಚೇಳು, ಬಾವಲಿ, ತಲೆಬುರುಡೆಗಳಿವೆ. ಮನೆಯಲ್ಲಿ ಜೀವಕಳೆ ಕುಂದಿದಂತೆ ಹಲ್ಲಿಗಳು ಹೆಚ್ಚುವುವು, ಆಮೇಲೆ ಚೇಳು, ಆಮೇಲೆ ಬಾವಲಿ, ಕಡೆಗೆ ಮರಣ ಎಂದು ಜನ ಇದನ್ನು ವಿವರಿಸುತ್ತಾರೆ. ಹಾಳಾಗುವುದಕ್ಕೆ ಮೊದಲೇ ಎಚ್ಚರಗೊಳ್ಳಿರೆಂಬ ಸೂಚನೆ ಅದರಲ್ಲಿದೆ. ಗುಡಿಸುವ ಕೈಗೆ, ಮದ್ದು ಕೊಡುವ ಕೈಗೆ ಅಲ್ಲಿ ಕೆಲಸವಿದೆ. ಆದರೆ ಬುರುಡೆಯನ್ನು ದೇವಿ ತೆಗೆದೊಗೆದಿಲ್ಲ, ತಾನೇ ಮುಡಿದಿದ್ದಾಳೆ. ಅದೇ ಕ್ಷೇತ್ರದಲ್ಲಿ ದೊರೆತ, ತಲೆಯ ಬದಲು ಕಮಲವಿರುವ ಲಜ್ಜಾಗೌರಿಯ ಶಿಲ್ಪವು ಪ್ರಸವದ ಭಂಗಿಯಲ್ಲಿದೆ. ಹೆರುವವಳೂ ಅವಳೇ, ಒಯ್ಯುವವಳೂ ಅವಳೇ. ಮುಂದಿನವರು ಹುಟ್ಟುವ ಮನೆಯಲ್ಲಿ ಹಿಂದಿನವರು ಎಡೆ ಬಿಡಬೇಕಾಗುತ್ತದೆ.

ಆದುದರಿಂದ ಅಕಾಲಮೃತ್ಯುವನ್ನು ಮರಣದಿಂದ ಬೇರ್ಪಡಿಸಿ ನೋಡಬೇಕು. ಮೊದಲನೆಯದರೊಡನೆ ಹೋರಾಡುವುದು ವಿಜ್ಞಾನದ ಧರ್ಮ. ಅದರ ಫಲ ಎಲ್ಲ ಮನೆಗಳಿಗೂ ಸಲ್ಲುತ್ತದೆ, ಸಿಡುಬಿನ ಲಸಿಕೆ ಸಂದಂತೆ. ಎರಡನೆಯದನ್ನು ಅಳಿಸಹೊರಟದ್ದು ಗೋರಕ್ಷನ ದಾರಿ. ಅದು ‘ನಾನೊಬ್ಬನು ಉಳಿಯಬೇಕು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಶಿಕ್ಷಕರಾದ ನಮಗೆ ಇದು ಬರಿಯ ತತ್ತ್ವವಿಚಾರವಲ್ಲ. ಒಂದೇ ತರಗತಿಯಲ್ಲಿ ಲಸಿಕೆಯ ಪಾಠವನ್ನೂ ಅಲ್ಲಮನ ಪಾಠವನ್ನೂ ಹೇಳಬೇಕಾದವರು ನಾವು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಹಳಿಯದೆ ಎರಡನ್ನೂ ಹೇಳಿದರೆ, ನಮ್ಮ ವಿದ್ಯಾರ್ಥಿಗಳು ಆಲಂಪುರಕ್ಕೆ ಹೋದಾಗ ಆ ಮುಡಿಯನ್ನು ಅಂಜಿಕೆಯಿಲ್ಲದೆ ನೋಡಿಯಾರು, ಊರಿಗೆ ಮರಳಿ ರೋಗಿಯನ್ನು ತಡಮಾಡದೆ ವೈದ್ಯನಲ್ಲಿಗೆ ಒಯ್ದಾರು.