ಕುರ್ಚಿ ಕೊಡುವ ಮುನ್ನ ಕೇಳದ ಸದನ

ರಾಯಚೂರು ಜಿಲ್ಲೆಯ ಮಸ್ಕಿ ವಿಧಾನಸಭಾ ಕ್ಷೇತ್ರದ 2018ರ ಚುನಾವಣೆ 213 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲ ಗೆದ್ದರು, ಬಿಜೆಪಿಯ ಬಸನಗೌಡ ತುರ್ವಿಹಾಳ ಸೋತು ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹೂಡಿದರು. ಮರುವರ್ಷ ಜುಲೈನಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರ ಉರುಳಿತು. ಅನರ್ಹರಾದ 17 ಶಾಸಕರಲ್ಲಿ ಪಾಟೀಲರೂ ಒಬ್ಬರು. ಅವರು ಬಿಜೆಪಿಯತ್ತ ಹೆಜ್ಜೆ ಹಾಕಿದಾಗ, ಆ ಪಕ್ಷದಲ್ಲಿ ಟಿಕೆಟ್ಟಿನ ಮೊದಲ ಹಕ್ಕುದಾರರಾಗಿದ್ದ ತುರ್ವಿಹಾಳರನ್ನು ಹೊಸ ಬಿಜೆಪಿ ಸರ್ಕಾರ ಮುನಿರಾಬಾದಿನ ತುಂಗಭದ್ರಾ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ, ಅಂದರೆ ಜನ ಕಾಡಾ ಎನ್ನುವ ಸಂಸ್ಥೆಯ, ಅಧ್ಯಕ್ಷರನ್ನಾಗಿ ನೇಮಿಸಿತು. ಅದೇ ಸುತ್ತಿನಲ್ಲಿ, ಅನರ್ಹ ಶಾಸಕರ ಎದುರು ಸೋತಿದ್ದ ಬೇರೆ ಕ್ಷೇತ್ರಗಳ ಅಭ್ಯರ್ಥಿಗಳಿಗೂ ನಿಗಮ, ಮಂಡಳಿಗಳ ಹುದ್ದೆಗಳು ಸಿಕ್ಕವು. ಆದ್ದರಿಂದ ನೇಮಕದ ಉದ್ದೇಶವನ್ನು ಊಹಿಸುತ್ತ ಕೂರಬೇಕಿಲ್ಲ. ತುರ್ವಿಹಾಳರು ಮುಂದೆ ಕಾಂಗ್ರೆಸ್ ಸೇರಿದರು. 2021ರ ಏಪ್ರಿಲ್ 17ರ ಉಪಚುನಾವಣೆಯಲ್ಲಿ ಅದೇ ಪಾಟೀಲರನ್ನು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಈ ಏರಿಳಿತವನ್ನೆಲ್ಲ ರಾಜಕೀಯ ವರದಿಗಾರರು ಬೇಕಾದಷ್ಟು ಬರೆದರು. ಕಾಡಾ ಅಧ್ಯಕ್ಷರ ಕೆಲಸವೇನು, ಆ ಕೆಲಸಕ್ಕೆ ಈ ವ್ಯಕ್ತಿ ಹೇಗೆ ಹೊಂದುತ್ತಾರೆ ಎಂಬ ಪ್ರಶ್ನೆ ಮಾತ್ರ ಆ ಹುದ್ದೆ ಕೈಬದಲಾಗುವಾಗ ಎಲ್ಲೂ ಕೇಳಿಬರಲಿಲ್ಲ. ಕೇಳಬೇಕಾದ ಜಾಗ ವಿಧಾನಮಂಡಲ. ಅದಕ್ಕೆ ಕೇಳುವ ಅವಕಾಶವೇ ಇರಲಿಲ್ಲ.

ನಮ್ಮ ಪದ್ಧತಿಯ ಈ ಕೊರತೆ ಯಾವುದೋ ಒಂದು ಪಕ್ಷದ್ದಲ್ಲ. ನೇಮಕ ಕಾರ್ಯಾಂಗದ ಹಕ್ಕು, ಸದನದ ಪಾಲೇನಿದ್ದರೂ ಆಮೇಲೆ ಲೆಕ್ಕ ಕೇಳುವುದು ಎಂಬ ತಿಳಿವಳಿಕೆ ದೆಹಲಿಯಿಂದ ಬೆಂಗಳೂರಿನವರೆಗೆ ಒಂದೇ. ಸೇನೆಯ ಮುಖ್ಯಸ್ಥರ ಹೆಸರನ್ನು ಕೇಂದ್ರ ಸಂಪುಟದ ನೇಮಕಾತಿ ಸಮಿತಿ ತೀರ್ಮಾನಿಸುತ್ತದೆ. ಸಂಸತ್ತಿನ ಯಾವ ಸಮಿತಿಯೂ ಅವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುವುದಿಲ್ಲ. ಕೊಡಗಿನ ಜನರಲ್ ತಿಮ್ಮಯ್ಯ 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಜಗಳದಲ್ಲಿ ರಾಜೀನಾಮೆ ಕೊಟ್ಟಾಗ ಹಿರಿಯ ಅಧಿಕಾರಿಗಳ ಬಡ್ತಿಯೂ ಆ ಮನಸ್ತಾಪದ ಒಂದು ಕಾರಣವಾಗಿತ್ತು. ಆ ವಿಷಯ ಲೋಕಸಭೆಗೆ ಬಂದದ್ದು ಬಿರುಕು ಬಯಲಾದ ಮೇಲೆ. ಸೇನೆಯ ಮಾತು ದೊಡ್ಡದು, ಅದನ್ನಿಲ್ಲಿ ಬಿಡೋಣ. ಒಂದು ತಾಲ್ಲೂಕಿನ ನೀರು, ಚಿನ್ನ, ಸಾಲ ಸೌಲಭ್ಯಗಳನ್ನು ನೋಡಿಕೊಳ್ಳುವ ಹುದ್ದೆಗಳಲ್ಲೂ ಇದೇ ಕ್ರಮ ನಡೆದಿದೆ. ಅಲ್ಲಿ ಅದರ ಪರಿಣಾಮವನ್ನು ಕಣ್ಣಾರೆ ಕಾಣಬಹುದು.

ಕಾಡಾವನ್ನೇ ಹತ್ತಿರದಿಂದ ನೋಡಬೇಕು. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿಯುತ್ತದೆ. ಸಿಂಧನೂರಿನ ಭತ್ತ, ಅಕ್ಕಿ ಗಿರಣಿಗಳು, ಅಲ್ಲಿನ ಪೇಟೆ ಎಲ್ಲವೂ ಆ ನೀರಿನ ಮೇಲೆ ನಿಂತಿವೆ. ಕಾಲುವೆಗೆ ಯಾವಾಗ, ಎಷ್ಟು ನೀರು ಬಿಡಬೇಕೆಂದು ನಿರ್ಧರಿಸುವುದು ನೀರಾವರಿ ಸಲಹಾ ಸಮಿತಿ. ಆ ನೀರು ವಿತರಣಾ ಕಾಲುವೆ ದಾಟಿ ಹೊಲದ ಬದುವಿನವರೆಗೆ ಹೇಗೆ ಹೋಗುತ್ತದೆ ಎಂಬುದು ಕಾಡಾದ ಕೆಲಸ: ಹೊಲಗಾಲುವೆಗಳು, ನೀರು ಬಳಕೆದಾರರ ಸಂಘಗಳು, ಸವಳು-ಜವಳು ಹಿಡಿದ ಜಮೀನಿನ ಸುಧಾರಣೆ. ಮೇಲ್ಭಾಗದಲ್ಲಿ ಅಕ್ರಮ ನೀರಾವರಿ ನಡೆದರೆ ಕೊನೆ ಭಾಗದ ರೈತರ ಪೈರು ಒಣಗುತ್ತದೆ. ಕಾಲುವೆಯ 69ನೇ ಮೈಲಿನಲ್ಲಿ ನೀರಿನ ಮಟ್ಟ (ಗೇಜ್) ಕಾಯ್ದುಕೊಳ್ಳಿ ಎಂದು ಅವರು ವರ್ಷವರ್ಷವೂ ರಸ್ತೆ ತಡೆ ಮಾಡಬೇಕಾಗಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ, ಕಟ್ಟಿ ಏಳು ದಶಕವಾದ ಈ ವ್ಯವಸ್ಥೆಯ ಒಂದೊಂದು ಕೀಲೂ ಎಷ್ಟು ಜೀವನಗಳನ್ನು ಹೊತ್ತಿದೆ ಎಂಬುದು ಎಲ್ಲರಿಗೂ ಮನದಟ್ಟಾಯಿತು. ಇಂಥ ವ್ಯವಸ್ಥೆಯ ಒಂದು ಮುಖ್ಯ ಹುದ್ದೆಗೆ ಬರುವವರನ್ನು, ಸವಳಾದ ಜಮೀನಿಗೆ ನಿಮ್ಮ ಯೋಜನೆ ಏನು, ಹೆಸರಿಗಷ್ಟೇ ಉಳಿದ ನೀರು ಬಳಕೆದಾರರ ಸಂಘಗಳನ್ನು ಹೇಗೆ ನಡೆಸುತ್ತೀರಿ ಎಂದು ಕೇಳುವುದು ಅತಿಯಾದ ನಿರೀಕ್ಷೆಯೇ? ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ತಿಂಗಳುಗಟ್ಟಲೆ ಧರಣಿ ಕೂತರು. ಉಪಚುನಾವಣೆಯಲ್ಲಿ ಎಲ್ಲ ಅಭ್ಯರ್ಥಿಗಳೂ ಅದಕ್ಕೆ ಉತ್ತರ ಹೇಳಬೇಕಾಯಿತು. ಸರಿಯಾದ ಪ್ರಶ್ನೆ ಕೇಳುವುದು ಈ ಜನರಿಗೆ ಗೊತ್ತು. ಅವರ ಪ್ರಶ್ನೆಯನ್ನು ನೇಮಕಕ್ಕೆ ಮುಂಚೆ ಮುಟ್ಟಿಸುವ ದಾರಿಯನ್ನು ನಾವು ಮಾಡಿಕೊಂಡಿಲ್ಲ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲೂ ಕಥೆ ಬೇರೆಯಲ್ಲ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾಗಿ 1956ರಲ್ಲಿ ಹಟ್ಟಿ ಚಿನ್ನದ ಗಣಿಯಾದ ಈ ಕಂಪನಿ, ಕೆಜಿಎಫ್ 2001ರಲ್ಲಿ ಮುಚ್ಚಿದ ಮೇಲೆ, ದೇಶದಲ್ಲಿ ನೆಲದಾಳದ ಅದಿರಿನಿಂದ ಚಿನ್ನ ತೆಗೆಯುವ ಪ್ರಮುಖ ಗಣಿಯಾಗಿ ಉಳಿದಿದೆ. ಕಾರ್ಮಿಕರ ಸುರಕ್ಷತೆ, ವಸತಿ, ಆಳಕ್ಕಿಳಿದಷ್ಟೂ ಏರುವ ಖರ್ಚು, ಸುತ್ತಲಿನ ಹಳ್ಳಿಗಳ ಧೂಳು: ಇವೆಲ್ಲ ಅಧ್ಯಕ್ಷರ ಮೇಜಿಗೆ ಬರಬೇಕಾದ ವಿಷಯಗಳು. ಹಿಂದಿನ ಸರ್ಕಾರದಲ್ಲಿ ಆ ಸ್ಥಾನ 2018ರಲ್ಲಿ ಲಿಂಗಸುಗೂರಿನಲ್ಲಿ ಸೋತಿದ್ದ ಮಾನಪ್ಪ ವಜ್ಜಲರಿಗೆ ಸಿಕ್ಕಿತು. ಈಗಿನ ಸರ್ಕಾರ 2024ರಲ್ಲಿ ಅದನ್ನು ಬೀಳಗಿಯ ಶಾಸಕ ಜೆ.ಟಿ. ಪಾಟೀಲರಿಗೆ ಕೊಟ್ಟಿತು. ಒಬ್ಬರು ಸ್ಥಳೀಯರು, ಇನ್ನೊಬ್ಬರು ಬಾಗಲಕೋಟೆ ಜಿಲ್ಲೆಯವರು. ಇಬ್ಬರಲ್ಲಿ ಯಾರು ಮೇಲು ಎಂಬ ತೂಕಕ್ಕೆ ನಾನು ಹೋಗುವುದಿಲ್ಲ. ತೂಗುವುದಕ್ಕೆ ಬೇಕಾದ ಒಂದು ಪುಟದ ದಾಖಲೆಯೂ ಸಾರ್ವಜನಿಕರ ಕೈಗೆ ಸಿಗಲಿಲ್ಲ ಎಂಬುದೇ ನನ್ನ ದೂರು. ಸರ್ಕಾರದ ಆದೇಶದಲ್ಲಿ ಹೆಸರಿರುತ್ತದೆ, ಅವಧಿಯಿರುತ್ತದೆ, ಕಾರಣ ಇರುವುದಿಲ್ಲ.

ಹಾಗಾದರೆ ಈ ನೇಮಕಗಳಲ್ಲಿ ವಿಧಾನಮಂಡಲ ಏನೂ ಮಾಡುವುದಿಲ್ಲವೇ? ಮಾಡುತ್ತದೆ, ಮತ್ತು ನನ್ನ ಆಕ್ಷೇಪದ ತಿರುಳು ಅಲ್ಲೇ ಇದೆ. 2003ರ 91ನೇ ತಿದ್ದುಪಡಿ ಮಂತ್ರಿಗಳ ಸಂಖ್ಯೆಯನ್ನು ವಿಧಾನಸಭೆಯ ಶೇ 15ಕ್ಕೆ ಮಿತಿಗೊಳಿಸಿತು. 224 ಸ್ಥಾನದ ನಮ್ಮ ಸಭೆಯಲ್ಲಿ ಮುಖ್ಯಮಂತ್ರಿ ಸೇರಿ 34. ಮಂತ್ರಿಯಾಗದವರ ಅಸಮಾಧಾನಕ್ಕೆ ಆಗ ನಿಗಮ, ಮಂಡಳಿಗಳೇ ಮದ್ದಾದವು. 2024ರ ಜನವರಿಯಲ್ಲಿ 34 ಶಾಸಕರಿಗೆ ಒಂದೇ ಪಟ್ಟಿಯಲ್ಲಿ ಅಧ್ಯಕ್ಷಗಿರಿ ಹಂಚಿಕೆಯಾಯಿತು. ಸಿಂಧನೂರಿನ ಹಿರಿಯ ಶಾಸಕ ಹಂಪನಗೌಡ ಬಾದರ್ಲಿಯವರೂ ಅದರಲ್ಲಿದ್ದರು. ಮಂತ್ರಿಗಳೆಷ್ಟೋ ಅಷ್ಟೇ ಅಧ್ಯಕ್ಷರು. ಶಾಸಕರು ಹೀಗೆ ಲಾಭದಾಯಕ ಹುದ್ದೆ ಹಿಡಿದರೆ ಸಂವಿಧಾನದ 191ನೇ ವಿಧಿಯಂತೆ ಅನರ್ಹರಾಗಬಹುದು. ಅದನ್ನು ತಪ್ಪಿಸಲು 1956ರ ಒಂದು ಕಾಯ್ದೆ ಇದೆ, ಅದರಲ್ಲಿ ವಿನಾಯಿತಿ ಪಡೆದ ಹುದ್ದೆಗಳ ಪಟ್ಟಿಯಿದೆ, ಆ ಪಟ್ಟಿ ಸರ್ಕಾರದಿಂದ ಸರ್ಕಾರಕ್ಕೆ ಬೆಳೆಯುತ್ತಲೇ ಬಂದಿದೆ. ಅಂದರೆ ಅಧ್ಯಕ್ಷರ ನೇಮಕದ ವಿಷಯದಲ್ಲಿ ಸದನ ಕೈಯೆತ್ತುವುದು ಒಂದೇ ಒಂದು ಕಾರಣಕ್ಕೆ: ಅವರ ಶಾಸಕ ಸ್ಥಾನ ಉಳಿಸಲಿಕ್ಕೆ. ಹುದ್ದೆ ಪಡೆದವರ ಹಿತಕ್ಕೆ ಸದನದ ಮತ ಬೇಕಾಗುತ್ತದೆ, ಆ ಹುದ್ದೆಯ ಕೆಲಸ ನಂಬಿದ ಜನರ ಹಿತಕ್ಕೆ ಬೇಕಾಗುವುದಿಲ್ಲ. ಸರ್ಕಾರವನ್ನು ಪ್ರಶ್ನಿಸಬೇಕಾದ ಆಡಳಿತ ಪಕ್ಷದ ಹಿಂಬೆಂಚಿನ ಸದಸ್ಯರು ಸರ್ಕಾರ ಕೊಟ್ಟ ಕಾರಿನಲ್ಲೇ ಸದನಕ್ಕೆ ಬರತೊಡಗಿದರೆ ಪ್ರಶ್ನಿಸುವವರು ಯಾರು?

ಇದರ ಬೆಲೆ ತೆರುವವರು ಯಾರೆಂದು ಮಸ್ಕಿಯಂಥ ಕ್ಷೇತ್ರ ಹೇಳುತ್ತದೆ. ಅದು ಪರಿಶಿಷ್ಟ ಪಂಗಡಕ್ಕೆ ಮೀಸಲು. 2024ರ ಮೇ ತಿಂಗಳಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಪತ್ರ ಅಧೀಕ್ಷಕರೊಬ್ಬರ ಸಾವಿನೊಂದಿಗೆ 187 ಕೋಟಿ ರೂಪಾಯಿ ವರ್ಗಾವಣೆಯ ವಿಷಯ ಹೊರಬಿತ್ತು. ಜೂನ್‌ನಲ್ಲಿ ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. ಆ ನಿಗಮದ ಅಧ್ಯಕ್ಷರಾಗಿದ್ದವರು ರಾಯಚೂರು ಗ್ರಾಮೀಣ ಕ್ಷೇತ್ರದ ಶಾಸಕರು. ಯಾರು ತಪ್ಪಿತಸ್ಥರೆಂದು ಹೇಳುವುದು ನ್ಯಾಯಾಲಯದ ಕೆಲಸ. ಮುಂಚೆ ವಿಚಾರಣೆ ನಡೆದಿದ್ದರೆ ಹಗರಣ ತಪ್ಪುತ್ತಿತ್ತು ಎಂದೂ ನಾನು ಹೇಳಲಾರೆ. ಆದರೆ ನಿಗಮದ ಹಣ ಎಷ್ಟು ಖಾತೆಗಳಲ್ಲಿದೆ, ಅಧ್ಯಕ್ಷರಿಗೆ ಅದರ ಮೇಲೆ ಏನು ಅಧಿಕಾರ, ಏನು ಹೊಣೆ ಎಂಬ ಸಾದಾ ಪ್ರಶ್ನೆಗಳನ್ನು ಅಧಿಕಾರ ಸ್ವೀಕಾರಕ್ಕೆ ಮೊದಲೇ ಬಹಿರಂಗವಾಗಿ ಕೇಳಿದ್ದರೆ, ಹೊಣೆ ಯಾರದ್ದು ಎಂದು ಆಮೇಲೆ ಹುಡುಕಾಡುವ ಸ್ಥಿತಿಯಾದರೂ ಇರುತ್ತಿರಲಿಲ್ಲ.

ಈ ಚರ್ಚೆ ಹೊಸದಲ್ಲ. ಸಂವಿಧಾನ ಸಭೆಯಲ್ಲಿ 1949ರ ಜೂನ್‌ನಲ್ಲಿ ಶಿಬ್ಬನ್ ಲಾಲ್ ಸಕ್ಸೇನಾ, ಮುಖ್ಯ ಚುನಾವಣಾ ಆಯುಕ್ತರ ನೇಮಕಕ್ಕೆ ಸಂಸತ್ತಿನ ಎರಡೂ ಸದನಗಳ ಮೂರನೇ ಎರಡರಷ್ಟು ಒಪ್ಪಿಗೆ ಬೇಕೆಂದು ತಿದ್ದುಪಡಿ ತಂದರು. ಅಂಬೇಡ್ಕರ್ ಅದನ್ನು ತಳ್ಳಿಹಾಕಿ ಸುಮ್ಮನಾಗಲಿಲ್ಲ. ಅಯೋಗ್ಯರು ಬರದಂತೆ ತಡೆಯುವ ಏರ್ಪಾಡು ಇಲ್ಲದಿದ್ದರೆ ಹುದ್ದೆಗೆ ಎಷ್ಟು ಭದ್ರತೆ ಕೊಟ್ಟೂ ಪ್ರಯೋಜನವಿಲ್ಲ ಎಂಬುದನ್ನು ಅವರೇ ಒಪ್ಪಿಕೊಂಡರು. ಆದರೆ ನ್ಯಾಯಾಧೀಶರ ನೇಮಕದ ಚರ್ಚೆಯಲ್ಲಿ ಅವರು ಅಮೆರಿಕದ ಸೆನೆಟ್ ಮಾದರಿಯನ್ನು ಬೇಡವೆಂದಿದ್ದರು: ಅದು ತೊಡಕಿನದು, ನೇಮಕವನ್ನು ರಾಜಕೀಯ ಒತ್ತಡಕ್ಕೆ ಒಡ್ಡುತ್ತದೆ. ಆ ಅಂಜಿಕೆ ಸುಳ್ಳಾಗಲಿಲ್ಲ. ಅಮೆರಿಕದ ಸೆನೆಟ್ 1989ರಲ್ಲಿ ರಕ್ಷಣಾ ಕಾರ್ಯದರ್ಶಿ ಸ್ಥಾನಕ್ಕೆ ಹೆಸರಿಸಿದ್ದ ಜಾನ್ ಟವರ್ ಅವರನ್ನು 53–47ರಿಂದ ತಿರಸ್ಕರಿಸಿತು. ಅದು ಸದನದ ಬಲ. ಅದೇ ಸೆನೆಟ್ಟಿನಲ್ಲಿ 2023ರಲ್ಲಿ ಅಲಬಾಮಾದ ಟಾಮಿ ಟ್ಯೂಬರ್‌ವಿಲ್ ಎಂಬ ಒಬ್ಬರೇ ಸದಸ್ಯರು ಸೇನೆಯ ಗರ್ಭಪಾತ ಪ್ರಯಾಣ ನೀತಿಯನ್ನು ವಿರೋಧಿಸಲು 400ಕ್ಕೂ ಹೆಚ್ಚು ಸೇನಾಧಿಕಾರಿಗಳ ಬಡ್ತಿಯನ್ನು ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ಹಿಡಿದಿಟ್ಟರು. ಅಧಿಕಾರಿಗಳಿಗೂ ಆ ನೀತಿಗೂ ಸಂಬಂಧವೇ ಇರಲಿಲ್ಲ. ಒಬ್ಬರ ಹಟಕ್ಕೆ ಇಡೀ ವ್ಯವಸ್ಥೆ ಒತ್ತೆಯಾಗುವ ಇಂಥ ಅಧಿಕಾರ ನಮಗೆ ಬೇಡ.

ಬೇಕಾದದ್ದು ಬೇರೆ. ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ 2008ರಿಂದ ಆಯ್ದ ಹುದ್ದೆಗಳಿಗೆ ಹೆಸರಿಸಿದವರನ್ನು ಸಂಬಂಧಪಟ್ಟ ಸಮಿತಿ ನೇಮಕಕ್ಕೆ ಮುಂಚೆ ಬಹಿರಂಗವಾಗಿ ವಿಚಾರಿಸಿ ವರದಿ ಕೊಡುತ್ತದೆ. ವರದಿ ಮಂತ್ರಿಯನ್ನು ಕಟ್ಟಿಹಾಕುವುದಿಲ್ಲ. 2016ರಲ್ಲಿ ಶಾಲಾ ತಪಾಸಣಾ ಸಂಸ್ಥೆಯ ಮುಖ್ಯಸ್ಥರಾಗಿ ಅಮಾಂಡಾ ಸ್ಪೀಲ್‌ಮನ್ ಬೇಡವೆಂದು ಸಮಿತಿ ಹೇಳಿದರೂ ಸಚಿವೆ ಅವರನ್ನೇ ನೇಮಿಸಿದರು. ಆದರೆ ಸಮಿತಿಯ ಆಕ್ಷೇಪವೂ ಸಚಿವೆಯ ಸಮರ್ಥನೆಯೂ ದಾಖಲೆಯಲ್ಲಿ ಉಳಿದವು. ನಮ್ಮಲ್ಲೂ ಇದರ ಬೀಜವಿದೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಂತೆ ಲೋಕಾಯುಕ್ತರ ನೇಮಕಕ್ಕೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ವಿಧಾನಸಭಾಧ್ಯಕ್ಷರು, ಪರಿಷತ್ತಿನ ಸಭಾಪತಿ ಮತ್ತು ಎರಡೂ ಸದನಗಳ ವಿರೋಧ ಪಕ್ಷದ ನಾಯಕರೊಂದಿಗೆ ಸಮಾಲೋಚನೆ ನಡೆಯಬೇಕು. ಉಪಲೋಕಾಯುಕ್ತರೊಬ್ಬರ ನೇಮಕದಲ್ಲಿ ಈ ಸಮಾಲೋಚನೆ ಸರಿಯಾಗಿ ನಡೆಯಲಿಲ್ಲವೆಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ನೇಮಕ ನಿಲ್ಲದೆಂದಿತು. ಯಾರ ಅಭಿಪ್ರಾಯವೂ ಅಂತಿಮವಲ್ಲ, ಆದರೆ ಕೇಳದೆ ಮುಂದುವರಿಯುವಂತಿಲ್ಲ ಎಂಬ ತತ್ವ ಕರ್ನಾಟಕದಲ್ಲೇ ಕಾನೂನಿನ ಬಲ ಪಡೆದಿದೆ. ಭ್ರಷ್ಟಾಚಾರ ತನಿಖೆ ಮಾಡುವವರ ನೇಮಕಕ್ಕೆ ಸಲ್ಲುವ ಎಚ್ಚರ, ಭ್ರಷ್ಟಾಚಾರಕ್ಕೆ ಎಡೆಯಿರುವ ನಿಗಮಗಳ ನೇಮಕಕ್ಕೆ ಏಕೆ ಸಲ್ಲಬಾರದು?

ಸಂಸದೀಯ ಪದ್ಧತಿಯಲ್ಲಿ ಸರ್ಕಾರಕ್ಕೇ ಬಹುಮತವಿರುತ್ತದೆ, ಸಮಿತಿ ಮುದ್ರೆಯೊತ್ತುವ ಯಂತ್ರವಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಹುಪಾಲು ಹೆಸರುಗಳು ದಾಟಿಹೋಗುತ್ತವೆ, ಹೋಗಲಿ. ಸಮಿತಿಯಲ್ಲಿ ವಿರೋಧ ಪಕ್ಷದ ಒಬ್ಬ ಸದಸ್ಯ ತಯಾರಾಗಿ ಬಂದರೂ ಸಾಕು, ಕಾಡಾದ ಅಧ್ಯಕ್ಷರಾಗಲು ಹೊರಟವರು ಕೊನೆ ಭಾಗದ ಬಗ್ಗೆ ಕೊಟ್ಟ ಮಾತು ಬರಹದಲ್ಲಿ ಉಳಿಯುತ್ತದೆ. ಎರಡು ವರ್ಷದ ನಂತರ ಸಿಂಧನೂರಿನ ರೈತ ಸಂಘ ಅದನ್ನು ಎತ್ತಿ ತೋರಿಸಬಹುದು. ಸದನ ಒಪ್ಪಿದೆಯಲ್ಲ ಎಂದು ಸರ್ಕಾರ ಹೊಣೆ ಜಾರಿಸಿಕೊಳ್ಳುತ್ತದೆ ಎಂಬುದು ಇದಕ್ಕಿಂತ ಗಟ್ಟಿಯಾದ ತಕರಾರು. ಸಮಿತಿಗೆ ತಡೆಯುವ ಅಧಿಕಾರ ಕೊಡದಿರಲು ಅದೇ ಕಾರಣ: ನೇಮಿಸುವ ಕೈ ಸರ್ಕಾರದ್ದೇ ಆಗಿರಬೇಕು, ಸಮಿತಿಯ ಮಾತು ಮೀರಿದರೆ ಏಕೆಂದು ಲಿಖಿತವಾಗಿ ಹೇಳಬೇಕು. ವಿಳಂಬದ ಭಯಕ್ಕೆ ಮೂವತ್ತು ದಿನಗಳ ಗಡುವು ಪರಿಹಾರ. ಗಡುವಿನೊಳಗೆ ವರದಿ ಬಾರದಿದ್ದರೆ ಸರ್ಕಾರ ಮುಂದುವರಿಯಲಿ. ರಾಜಕಾರಣಿಗಳನ್ನು ಈ ಹುದ್ದೆಗಳಿಂದ ದೂರವಿಡುವ ಹುನ್ನಾರ ಇದು ಎನ್ನುವವರೂ ಇದ್ದಾರೆ. ಅದು ನನ್ನ ಇಂಗಿತವಲ್ಲ. ಕಾಲುವೆಯ ಜಗಳ ಬಿಡಿಸಲು ಊರೂರಿನ ಪರಿಚಯವಿರುವ ರಾಜಕಾರಣಿ ಕೆಲವೊಮ್ಮೆ ನಿವೃತ್ತ ಎಂಜಿನಿಯರಿಗಿಂತ ಸಮರ್ಥ. ಅಂಥವರು ವಿಚಾರಣೆಯಲ್ಲಿ ಗೆದ್ದೇ ಬರುತ್ತಾರೆ, ಅವರ ನೇಮಕಕ್ಕೆ ಈಗ ಅಂಟುವ ಸಮಾಧಾನದ ಬಹುಮಾನವೆಂಬ ಕಳಂಕವೂ ತೊಲಗುತ್ತದೆ.

ಇದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. 208ನೇ ವಿಧಿಯಂತೆ ಸದನಗಳು ತಮ್ಮ ನಡಾವಳಿ ನಿಯಮಗಳನ್ನು ತಾವೇ ಮಾಡಿಕೊಳ್ಳುತ್ತವೆ. ಸಾರ್ವಜನಿಕ ಉದ್ಯಮಗಳ ಸಮಿತಿ ಈಗಾಗಲೇ ಇದೆ, ನಿಗಮಗಳ ಲೆಕ್ಕ ನೋಡುವ ಅನುಭವವೂ ಅದಕ್ಕಿದೆ. ಸ್ವತಃ ಅಧ್ಯಕ್ಷಗಿರಿ ಹಿಡಿದವರು ಆ ಸಮಿತಿಯಲ್ಲಿ ಕೂರದಂತೆ ಒಂದು ನಿಯಮ, ವಿಚಾರಣೆಗೆ ಬರಬೇಕಾದ ಹುದ್ದೆಗಳ ಒಂದು ಪಟ್ಟಿ, ಇಷ್ಟು ಸೇರಿಸಿದರೆ ಕೆಲಸ ಶುರುವಾಗುತ್ತದೆ. 2023ರಲ್ಲಿ ಸಿಂಧನೂರು ಮತ್ತು ಮಸ್ಕಿ ಕಾಂಗ್ರೆಸ್ಸನ್ನು ಆರಿಸಿದವು, ಲಿಂಗಸುಗೂರು ಬಿಜೆಪಿಯ ವಜ್ಜಲರನ್ನು ಆರಿಸಿತು. ಈ ಮೂರು ಕ್ಷೇತ್ರದ ಶಾಸಕರಲ್ಲಿ ನಿಗಮದ ಕುರ್ಚಿಯನ್ನೂ ಕಾಡಾದ ಕುರ್ಚಿಯನ್ನೂ ಗಣಿಯ ಕುರ್ಚಿಯನ್ನೂ ಒಳಗಿನಿಂದ ಬಲ್ಲವರಿದ್ದಾರೆ. ಮೂವರೂ ಸೇರಿ ಒಂದು ಖಾಸಗಿ ಸದಸ್ಯರ ನಿರ್ಣಯ ಮಂಡಿಸಲಿ. ಮುಂದಿನ ಕಾಡಾ ಅಧ್ಯಕ್ಷರ ಹೆಸರೇ ಸಮಿತಿಯ ಮುಂದೆ ಬರುವ ಮೊದಲ ಹೆಸರಾಗಲಿ, ಮುಂಗಾರು ಹಂಗಾಮಿನ ನೀರು ಬಿಡುವ ಸಭೆಗೆ ಮುಂಚೆ.