ಹಗ್ಗ ಬಿಟ್ಟ ಕೈ: 'ಪ್ಯಾರನೋಯಾ ಏಜೆಂಟ್' ಮುಗಿಯುವ ಬಗೆ

ಪತ್ತೇದಾರಿ ಕಥೆ ನೋಡುವವರಿಗೆ ಕೊನೆಯಲ್ಲಿ ಒಂದು ಹೆಸರು ಬೇಕು. ಮಾಡಿದವರು ಯಾರೆಂದು ಗೊತ್ತಾದರೆ ನೆಮ್ಮದಿಯಾಗಿ ಎದ್ದು ಹೋಗಬಹುದು. ಸಾತೋಶಿ ಕೋನ್ ನಿರ್ದೇಶಿಸಿದ ಜಪಾನಿ ಅನಿಮೆ ಸರಣಿ 'ಪ್ಯಾರನೋಯಾ ಏಜೆಂಟ್' ಆ ಉತ್ತರವನ್ನು ಕೊಡುತ್ತದೆ, ಆದರೆ ನೆಮ್ಮದಿಯನ್ನು ಕೊಡುವುದಿಲ್ಲ. 'ಪರ್ಫೆಕ್ಟ್ ಬ್ಲೂ', 'ಪಪ್ರಿಕಾ' ಸಿನಿಮಾಗಳ ಕೋನ್ 2010ರಲ್ಲಿ, 46ನೇ ವಯಸ್ಸಿಗೇ ತೀರಿಕೊಂಡರು. 2004ರಲ್ಲಿ ಪ್ರಸಾರವಾದ, 13 ಕಂತುಗಳ ಈ ಕೃತಿ ಅವರು ಮಾಡಿದ ಒಂದೇ ಟಿ.ವಿ. ಸರಣಿ. ಇದರ ಕೊನೆ ಅರ್ಥವಾಗಲಿಲ್ಲ ಎನ್ನುವವರು ಇಂದಿಗೂ ಇದ್ದಾರೆ. ಅರ್ಥವಾಗುವುದು ಕಷ್ಟವೇನಲ್ಲ, ಒಪ್ಪಿಕೊಳ್ಳುವುದು ಕಷ್ಟ ಎಂದು ನನಗನ್ನಿಸುತ್ತದೆ. (ಇಲ್ಲಿಂದ ಮುಂದೆ ಇಡೀ ಕಥೆ ಬಯಲಾಗುತ್ತದೆ.)

ಟೋಕಿಯೋದಲ್ಲಿ ತ್ಸುಕಿಕೋ ಸಾಗಿ ಎಂಬ ಯುವತಿ ಇದ್ದಾಳೆ. ಅವಳು ರೂಪಿಸಿದ 'ಮಾರೋಮಿ' ಎಂಬ ಗುಲಾಬಿ ಬಣ್ಣದ ನಾಯಿಮರಿಗೊಂಬೆಗೆ ದೇಶವೆಲ್ಲ ಮರುಳಾಗಿದೆ. ಅಂಥದ್ದೇ ಇನ್ನೊಂದು ಬೇಕೆಂದು ಕಚೇರಿ ಅವಳ ಬೆನ್ನು ಹತ್ತಿದೆ. ಅವಳಿಗೆ ಏನೂ ಹೊಳೆಯುತ್ತಿಲ್ಲ. ಆಗ ಒಂದು ರಾತ್ರಿ, ಚಿನ್ನದ ಬಣ್ಣದ ಚಕ್ರದ ಬೂಟು ತೊಟ್ಟು, ಬಾಗಿದ ಬೇಸ್‌ಬಾಲ್ ಬ್ಯಾಟ್ ಹಿಡಿದ ಹುಡುಗನೊಬ್ಬ ಬಂದು ಅವಳನ್ನು ಹೊಡೆದು ಮಾಯವಾಗುತ್ತಾನೆ. ಪತ್ರಿಕೆಗಳಲ್ಲಿ, ಜನರ ಬಾಯಲ್ಲಿ ಅವನು 'ಶೋನೆನ್ ಬ್ಯಾಟ್' ಆಗುತ್ತಾನೆ. ಇಕಾರಿ, ಮನಿವಾ ಎಂಬ ಇಬ್ಬರು ಪೊಲೀಸರು ಅವನ ಹಿಂದೆ ಬೀಳುತ್ತಾರೆ.

ಹೊಡೆತ ತಿಂದವರ ಸಾಲನ್ನು ನೋಡಿ. ಶಾಲೆಯಲ್ಲಿ ಮರ್ಯಾದೆ ಕಳೆದುಕೊಂಡ ಹುಡುಗ, ಒಳಗೆ ಇನ್ನೊಬ್ಬಳನ್ನು ಬಚ್ಚಿಟ್ಟುಕೊಂಡು ಬದುಕುವ ಹೆಂಗಸು, ಗೂಂಡಾಗಳ ಕೈಗೆ ಸಿಕ್ಕ ಲಂಚಕೋರ ಪೊಲೀಸ್. ಎಲ್ಲರೂ ಮೂಲೆಗೆ ಒತ್ತರಿಸಲ್ಪಟ್ಟವರು. ಇನ್ನು ದಾರಿಯೇ ಇಲ್ಲ ಎನ್ನುವ ಗಳಿಗೆಗೆ ಸರಿಯಾಗಿ ಬ್ಯಾಟು ಬೀಳುತ್ತದೆ. ಪೆಟ್ಟಿನ ಜೊತೆಗೇ ಒಂದು ಬಿಡುಗಡೆಯೂ ಬರುತ್ತದೆ. ಹಾಸಿಗೆ ಹಿಡಿದವರನ್ನು ಯಾರೂ ಲೆಕ್ಕ ಕೇಳುವುದಿಲ್ಲವಲ್ಲ.

ಕೊನೆಯಲ್ಲಿ ತಿಳಿಯುವ ಸತ್ಯ ತೀರಾ ಸಣ್ಣದು. ಹತ್ತು ವರ್ಷಗಳ ಹಿಂದೆ ತ್ಸುಕಿಕೋ ತನ್ನ ಪುಟ್ಟ ನಾಯಿಯನ್ನು ಕರೆದುಕೊಂಡು ಹೊರಟಿದ್ದಳು. ಅದರ ಹೆಸರೂ ಮಾರೋಮಿ. ಇದ್ದಕ್ಕಿದ್ದಂತೆ ಮುಟ್ಟಿನ ಹೊಟ್ಟೆನೋವು ಬಂದು ಕುಸಿದು ಕೂತಳು, ಕೈಯಿಂದ ಹಗ್ಗ ಜಾರಿತು, ಮರಿ ರಸ್ತೆಗೆ ಓಡಿ ವಾಹನಕ್ಕೆ ಸಿಕ್ಕಿ ಸತ್ತಿತು. ಬೈಗುಳಕ್ಕೆ ಹೆದರಿದ ಹುಡುಗಿ ಅಪ್ಪನಿಗೆ ಒಂದು ಕಥೆ ಹೇಳಿದಳು: ಬ್ಯಾಟು ಹಿಡಿದ ಹುಡುಗನೊಬ್ಬ ಬಂದು ಹೊಡೆದ. ಶೋನೆನ್ ಬ್ಯಾಟ್ ಹುಟ್ಟಿದ್ದು ಅಲ್ಲಿ.

ಇಷ್ಟು ಚಿಕ್ಕ ಸುಳ್ಳಿನಿಂದ ಇಡೀ ಮಹಾನಗರವನ್ನು ನುಂಗುವ ಕಪ್ಪು ರಾಡಿ ಹೇಗೆ ಹುಟ್ಟಿತು? ನೋಡುಗರು ಎಡವುವುದು ಇಲ್ಲಿಯೇ. ಆದರೆ ಆ ಒಂದು ಸುಳ್ಳಿನಿಂದ ಹುಟ್ಟಿದ ಮಕ್ಕಳು ಇಬ್ಬರು ಎಂಬುದನ್ನು ಗಮನಿಸಬೇಕು. ಒಬ್ಬ ಬ್ಯಾಟಿನಿಂದ ಹೊಡೆಯುತ್ತಾನೆ. ಇನ್ನೊಂದು ಮಡಿಲಲ್ಲಿ ಕೂತು 'ನಿನ್ನ ತಪ್ಪೇನೂ ಇಲ್ಲ, ಸ್ವಲ್ಪ ಸುಧಾರಿಸಿಕೋ' ಎಂದು ಮುದ್ದುಗರೆಯುತ್ತದೆ. ಇಬ್ಬರ ಕೆಲಸವೂ ಒಂದೇ, ಹೊಣೆಯನ್ನು ಹೆಗಲಿನಿಂದ ಇಳಿಸುವುದು. ಅಂಗಡಿಗಳಿಂದ ಮಾರೋಮಿ ಮಾಯವಾದ ಮೇಲೆ ಊರು ಕಪ್ಪು ರಾಡಿಯಲ್ಲಿ ಮುಳುಗುವುದು ಅದಕ್ಕೇ. ಸಾಂತ್ವನ ಸಿಗದಿದ್ದರೆ ಪೆಟ್ಟಾದರೂ ಬೇಕು ಎನ್ನುವ ಸ್ಥಿತಿಗೆ ಜನ ಬಂದಿದ್ದಾರೆ. ಸರಣಿಯ ಜಪಾನಿ ಹೆಸರು 'ಮೋಸೋ ದೈರಿನಿನ್'. ದೈರಿನಿನ್ ಎಂದರೆ ಇನ್ನೊಬ್ಬರ ಪರವಾಗಿ ಕೆಲಸ ನಡೆಸುವವನು, ಮುಖ್ತ್ಯಾರ. ಈ ಹುಡುಗ ತಾನಾಗಿ ಬಂದ ದೆವ್ವವಲ್ಲ, ನೇಮಕಗೊಂಡವನು.

ಕೊನೆಯ ಕಂತನ್ನು ಬಿಡಿಸುವ ಕೀಲಿಕೈ ಹನ್ನೊಂದನೆಯ ಕಂತಿನಲ್ಲಿದೆ. ಇಕಾರಿಯ ಹೆಂಡತಿ ಮಿಸಾಯೆ ಕಾಯಿಲೆಯವಳು, ಗಂಡನಿಗೆ ಭಾರವಾದೆ ಎಂದು ಕೊರಗಿದವಳು. ಶೋನೆನ್ ಬ್ಯಾಟ್ ಅವಳ ಮನೆಗೇ ಬರುತ್ತಾನೆ. ಅವಳಷ್ಟು ಅರ್ಹ ಗಿರಾಕಿ ಅವನಿಗೆ ಸಿಗಲಾರಳು. ಆದರೆ ಅವಳು ಕೂತಲ್ಲಿಂದಲೇ ಮಾತಾಡುತ್ತಾಳೆ. ತಾವಿಬ್ಬರೂ ಪಟ್ಟ ಪಾಡು ತಮ್ಮದೇ, ಅದನ್ನು ಅಳಿಸಲು ಬರುವ ನೀನೂ ಆ ನಾಯಿಮರಿಯೂ ಒಂದೇ ಎಂದು ಹೇಳಿ ಅವನನ್ನು ಹೊರಗಟ್ಟುತ್ತಾಳೆ. ಬಂದೂಕಿಲ್ಲ, ಮಂತ್ರವಿಲ್ಲ. ಅವಳಿಗೆ ಬಹುಮಾನವೂ ಇಲ್ಲ. ಕಾಯಿಲೆ ಅವಳನ್ನು ಕೊಂಡೊಯ್ಯುತ್ತದೆ. ಸತ್ಯ ಒಪ್ಪಿಕೊಂಡವರಿಗೆ ಒಳ್ಳೆಯದಾಗುತ್ತದೆ ಎಂಬ ಭರವಸೆಯನ್ನು ಕೋನ್ ಕೊಡುವುದಿಲ್ಲ. ಈ ಸರಣಿಯ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಇದು.

ಅದೇ ಹೊತ್ತಿನಲ್ಲಿ ಕೆಲಸ ಕಳೆದುಕೊಂಡ ಇಕಾರಿ, ಹಳೆಯ ಕಾಲದ ಒಂದು ಊರಿನೊಳಗೆ ಸೇರಿಕೊಂಡಿದ್ದಾನೆ. ಅಲ್ಲಿ ಎಲ್ಲವೂ ರಟ್ಟಿನಿಂದ ಕತ್ತರಿಸಿದಂತೆ ಚಪ್ಪಟೆ, ಎಲ್ಲರೂ ಒಳ್ಳೆಯವರು. ಹೆಂಡತಿ ಹೋದಳೆಂದು ಅರಿವಾದಾಗ ಅವನು ಆ ಊರನ್ನು ಒಡೆದು ಹೊರಬರುತ್ತಾನೆ. ತನಗೆ ಎಲ್ಲೂ ಜಾಗವಿಲ್ಲ ಎನ್ನುವುದೇ ತನ್ನ ಪಾಲಿನ ನಿಜ ಎನ್ನುತ್ತಾನೆ. ತ್ಸುಕಿಕೋ ರಸ್ತೆಯಲ್ಲಿ ಬಿದ್ದ ಮರಿಯನ್ನು ಎತ್ತಿಕೊಂಡು ಕ್ಷಮೆ ಕೇಳುತ್ತಾಳೆ. ಕಪ್ಪು ರಾಡಿ ಇಳಿಯುತ್ತದೆ. ಪಾಳುಬಿದ್ದ ನಗರವನ್ನು ನೋಡಿ ಇಕಾರಿ, ಯುದ್ಧ ಮುಗಿದ ಕಾಲದಂತಿದೆ ಎನ್ನುತ್ತಾನೆ. 1945ರ ಬೂದಿಯ ಮೇಲೆ ಹೊಸ ಊರು ಕಟ್ಟಿದ ದೇಶದಲ್ಲಿ ಈ ಮಾತು ಹಗುರವಲ್ಲ. ಪೆಟ್ಟು ತಿಂದ ನೆನಪನ್ನು ಜೋಪಾನವಾಗಿಟ್ಟು, ಕೈ ಬಿಟ್ಟ ಹಗ್ಗವನ್ನು ಮರೆಯುವುದು ಒಬ್ಬ ಹುಡುಗಿಯ ಕಥೆ ಮಾತ್ರವೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಏಳುತ್ತದೆ.

ತಕರಾರು ಇಲ್ಲವೆಂದಲ್ಲ. ಬೀದಿಬೀದಿಯಲ್ಲಿ ಉಕ್ಕುವ ಕಪ್ಪು ರಾಡಿ ಸಂಕೇತವಾಗಿ ತೀರಾ ಢಾಳಾಗಿದೆ. ಮಿಸಾಯೆಯ ಚಿಕ್ಕ ಕೋಣೆಯಲ್ಲಿದ್ದ ಭಯ ಆ ಪ್ರಳಯದಲ್ಲಿಲ್ಲ. ಹತ್ತು ವರ್ಷಗಳ ಗಂಟು ಒಂದೇ ಅಪ್ಪುಗೆಯಲ್ಲಿ ಬಿಚ್ಚಿಕೊಳ್ಳುವುದೂ ತುಸು ಸಲೀಸು ಎನಿಸುತ್ತದೆ.

ಆದರೆ ಕೋನ್ ಅಲ್ಲಿಗೆ ನಿಲ್ಲಿಸಿಲ್ಲ. ಎರಡು ವರ್ಷ ಕಳೆದಿದೆ. ಊರು ಮತ್ತೆ ಎದ್ದಿದೆ, ಜನ ಮೊದಲಿನಂತೆಯೇ ಫೋನುಗಳಲ್ಲಿ ನೆಪ ಹೇಳುತ್ತಿದ್ದಾರೆ, ಮಾರೋಮಿಯ ಜಾಗಕ್ಕೆ ಒಂದು ಬೆಕ್ಕಿನ ಗೊಂಬೆ ಬಂದಿದೆ. ತ್ಸುಕಿಕೋ ಗುಂಪಿನಲ್ಲಿ ಒಬ್ಬಳಾಗಿ ನಡೆದುಹೋಗುತ್ತಾಳೆ. ಮೊದಲಲ್ಲಿ ಹುಚ್ಚ ಮುದುಕನೊಬ್ಬ ಸೀಮೆಸುಣ್ಣದಿಂದ ನೆಲದ ಮೇಲೆ ಲೆಕ್ಕ ಬರೆಯುತ್ತಿದ್ದ. ಈಗ ತಲೆ ನರೆತ ಮನಿವಾ ಅದನ್ನೇ ಬರೆಯುತ್ತಿದ್ದಾನೆ. ಉತ್ತರ ಸಿಕ್ಕಿ ಬೆಚ್ಚಿಬೀಳುತ್ತಾನೆ. ಅದೇನೆಂದು ನಮಗೆ ಹೇಳುವುದಿಲ್ಲ.

ಹೇಳಬೇಕಾಗಿಯೂ ಇಲ್ಲ. ತಪ್ಪನ್ನು ಒಬ್ಬೊಬ್ಬರೇ ಒಪ್ಪಿಕೊಳ್ಳಬೇಕು. ಅದನ್ನು ಊರಿಗೆಲ್ಲ ಹಂಚಲು ಬರುವುದಿಲ್ಲ. ತ್ಸುಕಿಕೋ ಕೇಳಿದ ಕ್ಷಮೆ ಅವಳೊಬ್ಬಳನ್ನು ಬಿಡಿಸಿತು. ಉಳಿದವರ ಬಳಿ ಹೊಸ ಗೊಂಬೆ ಇದೆ. ಗೊಂಬೆ ಬಂದಿದೆಯೆಂದರೆ ಅದರ ಜೊತೆ ಹುಟ್ಟಿದ ಇನ್ನೊಬ್ಬನೂ ಎಲ್ಲೋ ಚಕ್ರದ ಬೂಟು ಕಟ್ಟಿಕೊಳ್ಳುತ್ತಿರಬೇಕು.